ಸಾಕವ್ವನ ಹುಂಜ ಮತ್ತು ಕಥೆ ಓದುವ ಬಗೆ

ಸಾಕವ್ವನ ಹುಂಜ ಕಾಣೆಯಾಗಿದೆ. ಮುದುಕಿ ಊರೆಲ್ಲ ಹುಡುಕುತ್ತಾಳೆ, ಕದ್ದವರಿಗೆ ಹಿಡಿಶಾಪ ಹಾಕುತ್ತಾಳೆ. ಅದೇ ಮನೆಗೆ ರಾತ್ರಿ ಕಡಲೆಕಾಯಿ ಮೂಟೆಯೊಂದು ಬರುತ್ತದೆ. ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ತಿಂದು ಮುಗಿಸುತ್ತಾರೆ. ಸಾಹುಕಾರನ ಕಡಲೆಕಾಯಿ ಕಳುವಾಯಿತೆಂದು ಪೊಲೀಸರು ಬಂದು ಮನೆ ಜಾಲಾಡುತ್ತಾರೆ. ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ನಡೆಯುವುದನ್ನು ಬಾಯಿಮಾತಿನಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಇಷ್ಟೇ.

ಹೀಗೆ ಹೇಳಿದರೆ ಕೇಳಿದವರು ‘ಸರಿ, ಆಮೇಲೆ?’ ಅಂದಾರು. ಪುಸ್ತಕ ಓದಿದವರು ಹಾಗೆ ಕೇಳುವುದಿಲ್ಲ. ಅವರಿಗೆ ಕಾಣುವುದೇ ಬೇರೆ. ಒಂದೇ ಸೂರಿನ ಕೆಳಗೆ ಎರಡು ಕಳವುಗಳಿವೆ. ಸಾಕವ್ವ ಕಳೆದುಕೊಂಡವಳೂ ಹೌದು, ಅವಳ ಮನೆಯವರು ಕದ್ದವರೂ ಹೌದು. ಸಾಹುಕಾರನ ಕಡಲೆಕಾಯಿಗಾಗಿ ಪೊಲೀಸರು ಮನೆ ಹೊಗುತ್ತಾರೆ. ಸಾಕವ್ವನ ಹುಂಜಕ್ಕಾಗಿ ಯಾರೂ ಬರುವುದಿಲ್ಲ. ‘ಇದು ಅನ್ಯಾಯ’ ಎಂದು ಲೇಖಕರು ಬಾಯಿಬಿಟ್ಟು ಹೇಳುವ ಅಗತ್ಯವೇ ಬರುವುದಿಲ್ಲ. ಎರಡು ಕಳವುಗಳನ್ನು ಅಕ್ಕಪಕ್ಕ ಇಟ್ಟಿದ್ದಾರೆ, ಉಳಿದ ಲೆಕ್ಕವನ್ನು ಓದುಗರೇ ಮಾಡಿಕೊಳ್ಳುತ್ತಾರೆ.

ಹಾಗೆ ಅಕ್ಕಪಕ್ಕ ಇಡುವುದಕ್ಕೇ ಕಥನ ತಂತ್ರ ಎನ್ನುವುದು. ನಿರೂಪಕ, ಆವರಣ, ಸಂಕೇತ, ವ್ಯಂಗ್ಯ, ಪ್ರತಿಮೆ ಮುಂತಾದ ಮಾತುಗಳನ್ನು ಬಹಳ ಜನ ಪದವಿ ತರಗತಿಯ ನೋಟ್ಸಿನಲ್ಲಿ ಬರೆದುಕೊಂಡು, ಪರೀಕ್ಷೆ ಮುಗಿದ ಮಧ್ಯಾಹ್ನವೇ ಮರೆತಿರುತ್ತಾರೆ. ಇವು ಪಂಡಿತರ ಸೊತ್ತಲ್ಲ. ಕಥೆ ಯಾಕೆ ಮನಸ್ಸಿಗೆ ನಾಟಿತು ಎಂದು ತಿಳಿಯಬಯಸುವ ಯಾರಿಗೇ ಆದರೂ ಒದಗುವ ಸಲಕರಣೆಗಳು. ‘ಏನಾಯಿತು?’ ಎಂಬ ಪ್ರಶ್ನೆಯ ಜೊತೆಗೆ ‘ಇದನ್ನು ಹೇಳುತ್ತಿರುವವರು ಯಾರು? ಏನನ್ನು ಹೇಳದೆ ಬಿಟ್ಟರು?’ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ.

ಕಥೆ ಗೊತ್ತಿದ್ದರೂ ಕುತೂಹಲ ಯಾಕೆ?

ಘಟನೆಗಳ ಸಾಲು ಕಥೆ. ಆ ಘಟನೆಗಳನ್ನು ಯಾವ ಕ್ರಮದಲ್ಲಿ, ಯಾವ ಕಾರಣದ ದಾರದಿಂದ ಪೋಣಿಸಲಾಗಿದೆ ಎಂಬುದು ಕಥಾಹಂದರ. ಈ ವ್ಯತ್ಯಾಸ ಕಾಣಬೇಕಾದರೆ ಎಸ್.ಎಲ್. ಭೈರಪ್ಪನವರ ‘ಪರ್ವ’ (1979) ತೆರೆಯಬೇಕು. ಮಹಾಭಾರತದ ಕಥೆ ಗೊತ್ತಿಲ್ಲದ ಕನ್ನಡಿಗರು ವಿರಳ. ಯುದ್ಧದಲ್ಲಿ ಗೆಲ್ಲುವವರು ಯಾರೆಂಬ ಗುಟ್ಟು ಇಲ್ಲವೇ ಇಲ್ಲ. ಆದರೂ ಕಾದಂಬರಿ ಹಿಡಿದು ಕೂರಿಸುತ್ತದೆ. ಕಾರಣ, ಅದು ಕೃಷ್ಣನಿಂದಲೋ ಪಾಂಡವರಿಂದಲೋ ಶುರುವಾಗದೆ, ಮದ್ರದೇಶದ ಮುದಿ ರಾಜ ಶಲ್ಯನ ಮನೆಯಿಂದ ಶುರುವಾಗುತ್ತದೆ. ಯುದ್ಧ ಇನ್ನೇನು ಬಂತು ಎನ್ನುವಾಗ ಕುಂತಿ, ಭೀಮ, ದ್ರೌಪದಿ, ಕರ್ಣ ಹೀಗೆ ಒಬ್ಬೊಬ್ಬರ ನೆನಪಿನೊಳಗೆ ಹೊಕ್ಕು ಹಳೆಯ ಕಥೆ ತುಂಡುತುಂಡಾಗಿ ಹೊರಬರುತ್ತದೆ. ವರಗಳು, ಪವಾಡಗಳು ಬಿದ್ದುಹೋಗಿ ಮನುಷ್ಯರ ದಣಿವು, ಅಸೂಯೆ, ಆಸೆಗಳು ಉಳಿಯುತ್ತವೆ. ನಡೆದುಹೋದದ್ದನ್ನು ನಡುವೆ ತರುವುದು ಹಿನ್ನೋಟ ತಂತ್ರ. ಮನಸ್ಸು ಓಡಿದ ಹಾಗೆಯೇ ಬರೆಯುವುದು ಪ್ರಜ್ಞಾಪ್ರವಾಹ ತಂತ್ರ. ‘ಪರ್ವ’ದಲ್ಲಿ ಎರಡೂ ಕೆಲಸ ಮಾಡುತ್ತವೆ.

ಹಂದರವನ್ನು ಮುಂದಕ್ಕೆ ಎಳೆಯುವುದು ಸಂಘರ್ಷ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕಾದಂಬರಿಯ ಚೋಮನಿಗೆ ಬೇಕಾದದ್ದು ಸ್ವಂತ ಬೇಸಾಯಕ್ಕೆ ಒಂದಿಷ್ಟು ನೆಲ. ಅವನ ಬಳಿ ಎತ್ತುಗಳಿವೆ, ನೆಲವಿಲ್ಲ; ಅವನ ಜಾತಿಯವನು ನೆಲ ಹಿಡಿಯಬಾರದೆಂಬ ಕಟ್ಟಳೆ ಅಡ್ಡ ನಿಂತಿದೆ. ಇದು ವ್ಯಕ್ತಿಗೂ ಸಮಾಜಕ್ಕೂ ನಡುವಿನ ಜಗಳ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಜಗಳ ಹೆಚ್ಚಾಗಿ ತಮ್ಮೊಳಗೇ. ‘ಈ ಪಾತ್ರಕ್ಕೆ ಏನು ಬೇಕು? ಯಾವುದು ತಡೆಯುತ್ತಿದೆ?’ ಎಂದು ಕೇಳಿಕೊಂಡರೆ ಸಂಘರ್ಷ ತಾನಾಗಿ ಕೈಗೆ ಸಿಗುತ್ತದೆ.

ಹೇಳುತ್ತಿರುವವರು ಯಾರು?

ಒಂದು ಸಣ್ಣ ಪ್ರಯೋಗ. ಊರಿನಿಂದ ವಯಸ್ಸಾದ ತಂದೆಯೊಬ್ಬರು ಮಾವಿನಹಣ್ಣಿನ ಚೀಲ ಹಿಡಿದು ಸಂಜೆ ಆರರ ಬಸ್ಸಿಗೆ ಪಟ್ಟಣಕ್ಕೆ ಬಂದಿಳಿಯುತ್ತಾರೆ. ಮಗ ಕರೆದೊಯ್ಯಲು ಬಂದಿಲ್ಲ. ಇಷ್ಟನ್ನೇ ಮೂವರು ಹೇಳಲಿ.

ಮಗ: ‘ಆಫೀಸಿನಲ್ಲಿ ಮೀಟಿಂಗು ಮುಗಿಯಲೇ ಇಲ್ಲ. ಅಪ್ಪನಿಗೇನು ಆಟೊ ಹಿಡಿಯೋದು ಗೊತ್ತಿಲ್ವಾ? ಎಷ್ಟು ಸಲ ಬಂದಿಲ್ಲ!’

ತಂದೆಯ ಪಕ್ಕದಲ್ಲೇ ನಿಂತ ನಿರೂಪಕ: ‘ಕೆಳಗಿಟ್ಟರೆ ಹಣ್ಣು ಜಜ್ಜೀತೆಂದು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತರು. ಸ್ಕೂಟರಿನ ಸದ್ದಾದಾಗಲೆಲ್ಲ ಕತ್ತೆತ್ತಿ ನೋಡಿದರು.’

ಬಸ್ ನಿಲ್ದಾಣದ ಟೀ ಅಂಗಡಿಯವನು: ‘ಒಂದು ಟೀ ಕುಡಿದು ಎರಡು ಗಂಟೆ ಬೆಂಚು ಬಿಡಲಿಲ್ಲ ಆ ಯಜಮಾನ್ರು. ಬಾಗಿಲು ಎಳೆಯೋ ಹೊತ್ತಿಗೆ ಎರಡು ಹಣ್ಣು ನನ್ನ ಕೈಗಿಟ್ಟು ಎದ್ದು ಹೋದರು.’

ಘಟನೆ ಒಂದೇ, ಕಥೆ ಮೂರು. ಮಗನ ಮಾತಿನಲ್ಲಿ ಸಮರ್ಥನೆಯಿದೆ, ಅದರ ಸಂದಿನಲ್ಲಿ ತಪ್ಪಿತಸ್ಥ ಭಾವ ಇಣುಕುತ್ತದೆ. ಎರಡನೆಯದರಲ್ಲಿ ಕಾಯುವಿಕೆ ಇದೆ. ಮೂರನೆಯವನಿಗೆ ಮಗನ ವಿಷಯವೇ ಗೊತ್ತಿಲ್ಲ, ಆದರೂ ಹೆಚ್ಚು ಚುಚ್ಚುವುದು ಅವನ ಮಾತೇ. ಮಗನಿಗೆಂದು ತಂದ ಹಣ್ಣು ಯಾರ ಕೈ ಸೇರಿತು ಎಂಬುದನ್ನು ಅವನು ಗೊತ್ತಿಲ್ಲದೆಯೇ ಹೇಳಿಬಿಟ್ಟಿದ್ದಾನೆ.

‘ನಾನು’ ಎಂದು ಹೇಳುವುದು ಕನ್ನಡ ವ್ಯಾಕರಣದ ಲೆಕ್ಕದಲ್ಲಿ ಉತ್ತಮ ಪುರುಷ ನಿರೂಪಣೆ. ‘ಅವನು, ಅವಳು’ ಎಂದು ಹೇಳುವುದು ಪ್ರಥಮ ಪುರುಷ. ಎಲ್ಲರ ಮನಸ್ಸನ್ನೂ ಹೊಕ್ಕು ಬರುವ ನಿರೂಪಕನಿಗೆ ಸರ್ವಜ್ಞ ನಿರೂಪಕ ಎನ್ನುತ್ತಾರೆ. ಹೆಸರಿಗಿಂತ ಮುಖ್ಯ, ನಿರೂಪಕನಿಗೆ ಎಷ್ಟು ಗೊತ್ತು ಮತ್ತು ಅವನಿಗೆ ಇದರಲ್ಲಿ ಏನು ಲಾಭ ಎಂಬ ವಿಚಾರಣೆ.

ಮಾಸ್ತಿಯವರ ‘ರಂಗನ ಮದುವೆ’ಯಲ್ಲಿ ಕಥೆ ಹೇಳುವ ಶ್ಯಾಮ ಹೊಸಹಳ್ಳಿಯ ಹಿರಿಯ. ಓದುಗರನ್ನು ಜಗಲಿಗೆ ಕರೆದು ಕೂರಿಸಿಕೊಂಡಂತೆ ಮಾತಾಡುತ್ತಾನೆ, ಊರಿನ ಮಾವಿನಕಾಯಿಯ ಹುಳಿಯನ್ನು ವರ್ಣಿಸುತ್ತಾನೆ. ಸಾವಧಾನವಾಗಿ ಹರಟುವ ಈ ಮನುಷ್ಯನೇ ಕಥೆಯ ಸೂತ್ರಧಾರ. ಮದುವೆ ಬೇಡವೆಂದ ರಂಗನ ಮನಸ್ಸನ್ನು ತಿರುಗಿಸಲು ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ಜ್ಯೋತಿಷ್ಯ ಹೇಳಿಸುವವನು ಇವನೇ. ಓದುಗರು ರಂಗನಿಗಿಂತ ಒಂದು ಹೆಜ್ಜೆ ಮುಂದಿರುತ್ತಾರೆ, ಪಿತೂರಿಯಲ್ಲಿ ಪಾಲುದಾರರಾಗುತ್ತಾರೆ. ಕಥೆಯ ಸಂತೋಷವೆಲ್ಲ ಅಲ್ಲಿಂದ ಹುಟ್ಟುತ್ತದೆ.

ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ಹೇಳುವವನು ವೇದಪಾಠಶಾಲೆಗೆ ಬಂದ ಪುಟ್ಟ ಹುಡುಗ. ಬಸಿರಾದ ವಿಧವೆ ಯಮುನಕ್ಕನಿಗೆ ಏನಾಗುತ್ತಿದೆ ಎಂಬುದು ಅವನಿಗೆ ಪೂರ್ತಿ ಅರ್ಥವಾಗುವುದಿಲ್ಲ. ಬದುಕಿರುವ ಹೆಂಗಸಿಗೆ ಶ್ರಾದ್ಧ ಮಾಡುವ ಕ್ರೌರ್ಯವನ್ನು ದೊಡ್ಡವರೊಬ್ಬರು ಹೇಳಿದ್ದರೆ ಸಿಟ್ಟು, ತೀರ್ಪು, ಉಪದೇಶ ಬಂದುಬಿಡುತ್ತಿತ್ತು. ಹುಡುಗನಿಗೆ ಅಕ್ಕನ ಮೇಲಿನ ಪ್ರೀತಿ ಗೊತ್ತು, ಭಯ ಗೊತ್ತು. ಮಿಕ್ಕಿದ್ದನ್ನು ಓದುಗರೇ ಹೊರಬೇಕು.

ವಿವೇಕ ಶಾನಭಾಗ ಅವರ ‘ಘಾಚರ್ ಘೋಚರ್’ (2013) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಾಫಿ ಹೌಸಿನಲ್ಲಿ ಕೂತು ತನ್ನ ಮನೆಯ ಕಥೆ ಹೇಳುವ ನಿರೂಪಕನಿಗೆ ಹೆಸರಿಲ್ಲ, ಹೇಳಿಕೊಳ್ಳುವಂಥ ಕೆಲಸವೂ ಇಲ್ಲ. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರಿ ಮನೆಗೆ ದುಡ್ಡು ಬಂದಿದೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಮನೆ ಬಾಗಿಲಿಗೆ ಬಂದ ಹೆಣ್ಣೊಬ್ಬಳನ್ನು ಮನೆಯ ಹೆಂಗಸರು ಬೈದು ಅಟ್ಟುತ್ತಾರೆ. ಇವನು ನೋಡುತ್ತ ನಿಲ್ಲುತ್ತಾನೆ. ಅವನ ದನಿ ಮೆತ್ತಗಿದೆ, ಒಳ್ಳೆಯವನಂತೆಯೇ ಕೇಳುತ್ತದೆ. ಪುಟ ತಿರುಗಿದಂತೆ ಅನುಮಾನ ಶುರುವಾಗುತ್ತದೆ. ತವರಿಗೆ ಹೋದ ಹೆಂಡತಿ ಅನಿತಾಳಿಂದ ಯಾಕೆ ಸುದ್ದಿಯಿಲ್ಲ? ಇವನಿಗೆ ನಿಜಕ್ಕೂ ಗೊತ್ತಿಲ್ಲವೇ, ಇಲ್ಲ ಗೊತ್ತಾಗುವುದು ಬೇಡವೇ? ಇಂಥವನನ್ನು ನಂಬಲಾಗದ ನಿರೂಪಕ ಎನ್ನುತ್ತಾರೆ. ಇವನು ಸುಳ್ಳು ಹೇಳುತ್ತಾನೆಂದಲ್ಲ, ತನಗೇ ಹೇಳಿಕೊಳ್ಳಲಾಗದ್ದನ್ನು ನುಂಗಿಕೊಳ್ಳುತ್ತಾನೆ.

ಊರು ಬರೀ ಊರಲ್ಲ

ಕಥೆ ನಡೆಯುವ ಜಾಗ, ಕಾಲ, ಹವೆ, ಜನರ ರೀತಿನೀತಿ ಎಲ್ಲ ಸೇರಿ ಆವರಣ. ಸಾಮಾನ್ಯವಾಗಿ ಓದುಗರು ಹಾರಿಸಿಕೊಂಡು ಹೋಗುವ ವರ್ಣನೆಯ ಭಾಗ ಇದೇ. ‘ಸಂಸ್ಕಾರ’ದಲ್ಲಿ ಅದನ್ನು ಹಾರಿಸಿದರೆ ಕಾದಂಬರಿಯೇ ಕೈತಪ್ಪುತ್ತದೆ. ಅಗ್ರಹಾರದ ಹೆಸರು ದೂರ್ವಾಸಪುರ. ಕೋಪಕ್ಕೆ ಹೆಸರಾದ ಋಷಿಯ ಹೆಸರಿನ ಊರು. ಆಚಾರಗೆಟ್ಟ ನಾರಣಪ್ಪ ಸತ್ತಿದ್ದಾನೆ. ಹೆಣ ಸುಡುವವರಾರೆಂಬ ತಕರಾರು ಮುಗಿಯುವ ತನಕ ಯಾರ ಮನೆಯಲ್ಲೂ ಒಲೆ ಉರಿಯುವಂತಿಲ್ಲ. ಬಿಸಿಲು, ಹಸಿವು, ನಾತ. ಶಾಸ್ತ್ರದ ಪ್ರಶ್ನೆ ಹೀಗೆ ಹೊಟ್ಟೆಯ ಪ್ರಶ್ನೆಯಾಗುತ್ತದೆ. ಇಷ್ಟು ಬಿಗಿಯಾದ ಚಿಕ್ಕ ಅಗ್ರಹಾರ ಅಲ್ಲದೆ ಬೇರೆ ಊರಿನಲ್ಲಿ ಈ ಕಥೆ ನಡೆಯಲಾರದು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇದಕ್ಕೆ ತೀರ ವಿರುದ್ಧ. ಅಲ್ಲಿ ಆವರಣ ಕಾಡಿನಂತೆ ಹಬ್ಬುತ್ತದೆ. ಗುತ್ತಿಯ ಜೊತೆ ಅವನ ನಾಯಿ ಹುಲಿಯನಿಗೂ ಕಾದಂಬರಿಯಲ್ಲಿ ಪೂರಾ ಪಾತ್ರವಿದೆ. ಒಬ್ಬ ನಾಯಕನನ್ನು ಹುಡುಕುತ್ತ ಹೋದವರಿಗೆ ಅದು ಗೋಜಲಾಗಿ ಕಾಣಬಹುದು. ಮಲೆನಾಡನ್ನೇ ಪಾತ್ರವೆಂದು ಹಿಡಿದವರಿಗೆ ದಾರಿ ತೆರೆಯುತ್ತದೆ.

ಪಾತ್ರ ಮತ್ತು ಬಾಯಿಮಾತು

‘ಅವನು ಜಿಪುಣ’ ಎಂದು ಬರೆಯುವುದು ಸುಲಭ. ಅವನು ಕಾಫಿ ಲೋಟದ ತಳ ನೋಡಿ, ಉಳಿದ ಅರ್ಧ ಗುಟುಕಿಗಾಗಿ ಹೋಟೆಲಿನಲ್ಲಿ ಮತ್ತೆ ಕೂತ ಎಂದು ಬರೆದರೆ ಓದುಗರ ಕಣ್ಣಿಗೆ ಕಾಣುತ್ತದೆ. ಒಳ್ಳೆಯ ಪಾತ್ರಚಿತ್ರಣ ನಡೆ, ನುಡಿ, ಇತರರ ನೋಟ ಈ ಮೂರರಿಂದ ಕಟ್ಟುತ್ತದೆ. ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯ ಮಂದಣ್ಣ ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಹುಡುಗ, ವಿಜ್ಞಾನಿ ಕರ್ವಾಲೊ ಕಣ್ಣಿಗೆ ಹುಟ್ಟು ನಿಸರ್ಗತಜ್ಞ. ಈ ಎರಡು ನೋಟಗಳ ನಡುವೆ ನಿಂತ ನಿರೂಪಕ ಬರಬರುತ್ತ ತನ್ನ ಅಭಿಪ್ರಾಯ ಬದಲಿಸಿಕೊಳ್ಳುತ್ತಾನೆ, ಅವನ ಜೊತೆ ಓದುಗರೂ. ಇಂಗ್ಲಿಷ್ ಲೇಖಕ ಇ.ಎಂ. ಫಾರ್‌ಸ್ಟರ್ 1927ರಲ್ಲಿ ಪಾತ್ರಗಳನ್ನು ಚಪ್ಪಟೆ ಮತ್ತು ದುಂಡು ಎಂದು ಎರಡಾಗಿ ವಿಂಗಡಿಸಿದ. ಒಂದೇ ಗುಣದಿಂದ ಗುರುತಾಗುವುದು ಚಪ್ಪಟೆ, ನಂಬುವ ಹಾಗೆ ಅಚ್ಚರಿ ಹುಟ್ಟಿಸುವುದು ದುಂಡು. ಮಂದಣ್ಣ ಎರಡನೆಯ ಗುಂಪಿನವನು.

ಕನ್ನಡದಲ್ಲಿ ನುಡಿಯ ವಿಷಯ ಇನ್ನೂ ಶ್ರೀಮಂತ. ವೈದೇಹಿಯವರ ಕಥೆಗಳ ಹೆಂಗಸರು ಕುಂದಾಪುರದ ಕನ್ನಡದಲ್ಲಿ ಮಾತಾಡುತ್ತಾರೆ; ಆ ಮಾತನ್ನು ಪುಸ್ತಕದ ಕನ್ನಡಕ್ಕೆ ಇಳಿಸಿದರೆ ಅವರ ಅರ್ಧ ಜೀವವೇ ಹೋಗುತ್ತದೆ. ದೇವನೂರರ ‘ಕುಸುಮಬಾಲೆ’ಯಲ್ಲಿ ಪಾತ್ರಗಳಷ್ಟೇ ಅಲ್ಲ, ನಿರೂಪಣೆಯೂ ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ರಾತ್ರಿ ಮನೆಮನೆಯ ದೀಪಗಳ ಜೋತಮ್ಮಗಳು ಒಂದೆಡೆ ಸೇರಿ ಕಷ್ಟಸುಖ ಹೇಳಿಕೊಳ್ಳುತ್ತವೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಪುಸ್ತಕ ಮೊದಲ ಓದಿಗೆ ಕಷ್ಟವೆನ್ನುವವರಿದ್ದಾರೆ. ಅವರಿಗೊಂದು ಉಪಾಯ: ಗಟ್ಟಿಯಾಗಿ ಓದಬೇಕು. ಕಣ್ಣಿಗೆ ತೊಡಕಾದದ್ದು ಕಿವಿಗೆ ಸಲೀಸಾಗುತ್ತದೆ.

ದುಡಿ, ಇರುವೆ, ಹಣತೆ

ಉಪಮೆಯಲ್ಲಿ ‘ಹಾಗೆ, ಅಂತೆ’ ಇರುತ್ತದೆ. ರೂಪಕದಲ್ಲಿ ಅದು ಇದೇ ಆಗಿಬಿಡುತ್ತದೆ. ಓದುಗರ ಇಂದ್ರಿಯಗಳಿಗೆ ತಟ್ಟುವ ಚಿತ್ರ ಪ್ರತಿಮೆ. ಕಥೆಯೊಳಗೆ ವಸ್ತುವಾಗಿಯೇ ಇದ್ದು, ಮತ್ತೆ ಮತ್ತೆ ಬಂದು, ತನಗಿಂತ ದೊಡ್ಡದೇನನ್ನೋ ಹೊರುವುದು ಸಂಕೇತ.

ಚೋಮನ ದುಡಿ ಮೊದಲಿಗೆ ಬರೀ ಚರ್ಮವಾದ್ಯ. ಸಂತೋಷಕ್ಕೂ ಬಾರಿಸುತ್ತಾನೆ, ದುಃಖಕ್ಕೂ ಬಾರಿಸುತ್ತಾನೆ. ಒಡೆಯನೆದುರು ಬಾಯಿ ತೆರೆಯಲಾಗದವನಿಗೆ ದುಡಿಯೇ ಬಾಯಿ. ಕಾದಂಬರಿ ಮುಗಿಯುವಾಗ ಆ ಸದ್ದು ನಿಲ್ಲುವುದಕ್ಕೂ ಚೋಮನ ಬದುಕು ನಿಲ್ಲುವುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಕಾರಂತರು ‘ಚೋಮ’ ಎಂದಷ್ಟೇ ಹೆಸರಿಡದೆ ದುಡಿಯನ್ನೂ ಸೇರಿಸಿದ್ದರ ಕಾರಣ ಆಗ ಹೊಳೆಯುತ್ತದೆ.

‘ಘಾಚರ್ ಘೋಚರ್’ನ ಇರುವೆಗಳನ್ನೂ ಹತ್ತಿರದಿಂದ ನೋಡಬಹುದು. ಬಡತನದ ದಿನಗಳ ಹಳೆಯ ಮನೆಯಲ್ಲಿ ಇರುವೆ ಕಾಟ. ತಾಯಿ, ಮಕ್ಕಳು ಸೇರಿ ಇರುವೆಗಳ ಮೇಲೆ ಯುದ್ಧ ಸಾರುತ್ತಾರೆ. ಮೊದಲು ಅನ್ನ ಕಾಪಾಡಿಕೊಳ್ಳುವ ಅಗತ್ಯ. ಆಮೇಲೆ ಕೊಲ್ಲುವುದರಲ್ಲೇ ಒಂದು ಸುಖ. ಓದುಗರು ನಕ್ಕು ಮುಂದೆ ಹೋಗಿರುತ್ತಾರೆ. ಮನೆಗೆ ದುಡ್ಡು ಬಂದ ಮೇಲೆ ಅದೇ ಮಂದಿ ತಮ್ಮ ನೆಮ್ಮದಿಗೆ ಅಡ್ಡ ಬಂದವರೊಡನೆ ನಡೆದುಕೊಳ್ಳುವ ಬಗೆ ಕಂಡಾಗ ಆ ಇರುವೆಗಳು ನೆನಪಾಗಿ ಬೆನ್ನು ತಣ್ಣಗಾಗುತ್ತದೆ.

ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕಥೆಯಲ್ಲಿ ಗಂಡನಿಂದಲೂ ತವರಿನಿಂದಲೂ ದೂಡಿಸಿಕೊಂಡ ಮೆಹರುನ್ ಸೀಮೆಎಣ್ಣೆಯ ಕ್ಯಾನಿಗೆ ಕೈಹಾಕುತ್ತಾಳೆ, ತಡೆಯುವವಳು ಮಗಳು. ಎದೆಯಲ್ಲಿ ಆರಿದ ಬೆಳಕು, ಕೈಯಲ್ಲಿ ಹೊತ್ತಬಹುದಾದ ಬೆಂಕಿ. ಶೀರ್ಷಿಕೆಯ ಒಂದು ಪದ ಎರಡನ್ನೂ ಹಿಡಿದಿದೆ. ಈ ಕಥೆಯ ಹೆಸರನ್ನೇ ಹೊತ್ತ ‘ಹಾರ್ಟ್ ಲ್ಯಾಂಪ್’ ಸಂಕಲನ ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಪಡೆಯಿತು.

ಇದೆಲ್ಲ ಪಶ್ಚಿಮದಿಂದ ಬಂದ ವಿಚಾರವೆಂದು ತಿಳಿಯಬೇಕಾಗಿಲ್ಲ. ಹೇಳಿದ ಮಾತಿನಾಚೆ ಹೊಳೆಯುವ ಅರ್ಥವನ್ನು ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ‘ಧ್ವನಿ’ ಎಂದು ಕರೆದು ಶಾಸ್ತ್ರ ಕಟ್ಟಿದ. ಗಂಗೆಯ ಮೇಲೆ ಹಳ್ಳಿಯಿದೆ ಎಂದರೆ ನೀರಿನ ಮೇಲೆಂದು ಯಾರೂ ತಿಳಿಯುವುದಿಲ್ಲ. ದಡದ ಮೇಲೆಂದು ತಿಳಿಯುತ್ತಾರೆ. ಅಷ್ಟೇ ಅಲ್ಲದೆ ತಂಪು, ಪಾವಿತ್ರ್ಯ ಎರಡೂ ಮನಸ್ಸಿಗೆ ಬರುತ್ತವೆ. ಆ ಕೊನೆಯ ಪದರವೇ ಧ್ವನಿ. ಅದೇ ಶತಮಾನದ ಕನ್ನಡ ಗ್ರಂಥ ‘ಕವಿರಾಜಮಾರ್ಗ’ದಲ್ಲೂ ಧ್ವನಿಯ ಮಾತಿದೆ.

ಒಂದು ಎಚ್ಚರಿಕೆ ಬೇಕು. ಕಂಡದ್ದೆಲ್ಲ ಸಂಕೇತವಲ್ಲ. ಕಥೆಯಲ್ಲಿ ಛತ್ರಿ ಒಮ್ಮೆ ಬಂದರೆ ಅದು ಮಳೆಗೆ ಹಿಡಿದ ಛತ್ರಿ. ಮತ್ತೆ ಮತ್ತೆ ಬಂದು, ಬಂದಾಗಲೆಲ್ಲ ಭಾವ ಬದಲಾಗುತ್ತಿದ್ದರೆ ಆಗ ನಿಂತು ಯೋಚಿಸಬೇಕು.

ಓದುಗರಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ

‘ಸಂಸ್ಕಾರ’ದ ನಡುವೆ ಒಂದು ರಾತ್ರಿ ನಾರಣಪ್ಪನೊಡನೆ ಬಾಳಿದ ಚಂದ್ರಿ ಮುಸಲ್ಮಾನನೊಬ್ಬನ ನೆರವಿನಿಂದ ಅವನ ಹೆಣವನ್ನು ಸುಡಿಸಿ ಊರು ಬಿಡುತ್ತಾಳೆ. ಇದು ಓದುಗರಿಗೆ ಗೊತ್ತು. ಅಗ್ರಹಾರಕ್ಕೆ ಗೊತ್ತಿಲ್ಲ, ಪ್ರಾಣೇಶಾಚಾರ್ಯರಿಗೂ ಗೊತ್ತಿಲ್ಲ. ಅಲ್ಲಿಂದ ಮುಂದೆ ಬ್ರಾಹ್ಮಣರು ಹೆಣದ ಬಗ್ಗೆ ಆಡುವ ಒಂದೊಂದು ಮಾತೂ, ಪಡುವ ಒಂದೊಂದು ಪಾಡೂ ಬೇರೆ ಅರ್ಥ ಪಡೆಯುತ್ತದೆ. ಇದಕ್ಕೆ ನಾಟಕೀಯ ವ್ಯಂಗ್ಯ ಎಂದು ಹೆಸರು. ಶಾಸ್ತ್ರಗ್ರಂಥ ತಿರುವಿದರೂ ಸಿಗದ ಉತ್ತರವನ್ನು, ಅಗ್ರಹಾರ ಕೀಳೆಂದು ಕಂಡ ಹೆಂಗಸು ಒಂದು ರಾತ್ರಿಯಲ್ಲಿ ಮಾಡಿ ಮುಗಿಸಿದ್ದಾಳೆ.

ಅದೇ ಕಾದಂಬರಿಯಲ್ಲಿ ಪ್ಲೇಗ್ ಎಂಬ ಮಾತು ಯಾರ ಬಾಯಲ್ಲೂ ಬರುವ ಮೊದಲೇ ಇಲಿಗಳು ಸತ್ತು ಬೀಳುತ್ತವೆ, ಹದ್ದುಗಳು ಮನೆಗಳ ಮೇಲೆ ಬಂದು ಕೂರುತ್ತವೆ. ಇದು ಮುನ್ಸೂಚನೆ. ಎರಡನೆಯ ಸಲ ಓದುವವರು ಇಂಥ ಸಾಲುಗಳ ಮುಂದೆಯೇ ನಿಲ್ಲುತ್ತಾರೆ.

ಕಾದಂಬರಿಯ ಕೊನೆಯಲ್ಲಿ ಪ್ರಾಣೇಶಾಚಾರ್ಯರು ಅಗ್ರಹಾರಕ್ಕೆ ಮರಳಲು ಗಾಡಿ ಹತ್ತುತ್ತಾರೆ. ಅಲ್ಲಿ ಅವರು ತಾವು ಮಾಡಿದ್ದೆಲ್ಲವನ್ನೂ ಒಪ್ಪಿಕೊಂಡರೇ? ಕಾದಂಬರಿ ಹೇಳುವುದಿಲ್ಲ. ‘ಕೊನೆಯೇ ಇಲ್ಲ’ ಎಂದು ಸಿಟ್ಟಾಗುವ ಓದುಗರಿದ್ದಾರೆ. ಅಷ್ಟು ಪುಟ ಅವರೊಳಗಿನ ತಳಮಳವನ್ನು ನೋಡಿದ ಮೇಲೆ ತೀರ್ಮಾನ ಓದುಗರ ಪಾಲಿಗೆ ಬರುವುದು ನ್ಯಾಯವೇ ಸರಿ. ‘ಕರ್ವಾಲೊ’ದಲ್ಲೂ ಇಡೀ ತಂಡ ಹುಡುಕಿಹೊರಟ ಹಾರುವ ಓತಿ ಕೊನೆಗೆ ಕೈಗೆ ಸಿಕ್ಕದೆ ಕಣಿವೆಯತ್ತ ತೇಲಿಹೋಗುತ್ತದೆ. ಹಿಡಿದಿದ್ದರೆ ಅದೊಂದು ಸಾಹಸಕಥೆಯಾಗಿ ಮುಗಿಯುತ್ತಿತ್ತು.

ಪೆನ್ಸಿಲ್ ಹಿಡಿದು ಓದುವ ಕ್ರಮ

ಶುರು ಮಾಡಲು ಸಣ್ಣಕಥೆಯೇ ಒಳ್ಳೆಯದು. ಒಂದೇ ಕಥೆಯನ್ನು ಎರಡು ಸಲ ಓದಬೇಕು. ಮೊದಲ ಸಲ ಏನನ್ನೂ ಗುರುತು ಹಾಕದೆ, ಸುಮ್ಮನೆ, ಸುಖಕ್ಕೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಇಷ್ಟು ಮಾಡಬಹುದು:

1. ಮೊದಲ ಮತ್ತು ಕೊನೆಯ ಪ್ಯಾರಾಗಳನ್ನು ಒಟ್ಟಿಗೆ ಓದಿ, ನಡುವೆ ಏನು ಬದಲಾಯಿತೆಂದು ಒಂದು ವಾಕ್ಯ ಬರೆಯುವುದು.

2. ನಿರೂಪಕನಿಗೆ ಗೊತ್ತಿಲ್ಲದ ಅಥವಾ ಅವನು ಹೇಳದೆ ಬಿಟ್ಟ ಒಂದು ಸಂಗತಿಯನ್ನು ಪತ್ತೆಹಚ್ಚುವುದು.

3. ಎರಡಕ್ಕಿಂತ ಹೆಚ್ಚು ಸಲ ಬಂದ ವಸ್ತು, ಸದ್ದು, ಬಣ್ಣಕ್ಕೆ ಅಡಿಗೆರೆ ಎಳೆಯುವುದು.

4. ಒಂದು ಪುಟವನ್ನು ಇನ್ನೊಂದು ಪಾತ್ರದ ಬಾಯಲ್ಲಿ ಬರೆದು ನೋಡುವುದು. ರಂಗನ ಮದುವೆಯನ್ನು ಮದುವಣಗಿತ್ತಿ ರತ್ನಳೇ ಹೇಳಿದರೆ ಹೇಗಿದ್ದೀತು? ಮಾಸ್ತಿ ಶ್ಯಾಮನನ್ನು ಯಾಕೆ ಆರಿಸಿಕೊಂಡರೆಂಬುದು ಅರ್ಧ ಪುಟದಲ್ಲೇ ತಿಳಿಯುತ್ತದೆ.

5. ಕೊನೆಗೆ ಶೀರ್ಷಿಕೆಗೆ ಮರಳುವುದು. ‘ಸಂಸ್ಕಾರ’ ಎಂದರೆ ಶವಸಂಸ್ಕಾರವೂ ಹೌದು, ಮನುಷ್ಯನನ್ನು ತಿದ್ದುವ ಸಂಸ್ಕಾರವೂ ಹೌದು. ‘ಒಡಲಾಳ’ದಲ್ಲಿ ಒಡಲು ಎಂದರೆ ಹೊಟ್ಟೆ, ಮೈ, ಅಂತರಾಳ ಮೂರೂ.

ಇವನ್ನು ಒಬ್ಬರೇ ಮಾಡುವುದಕ್ಕಿಂತ ಮನೆಯಲ್ಲೋ ಗೆಳೆಯರ ನಡುವೆಯೋ ನಾಲ್ಕು ಜನ ಸೇರಿ ಮಾಡಿದರೆ ಫಲ ಹೆಚ್ಚು. ಒಬ್ಬರಿಗೆ ಕಾಣದ ಇರುವೆ ಇನ್ನೊಬ್ಬರಿಗೆ ಕಾಣುತ್ತದೆ. ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರುಗಳು ಸಂಕೇತ, ಪ್ರತಿಮೆಗಳ ವ್ಯಾಖ್ಯೆ ಬರೆಸುವ ಮೊದಲು ಕಥೆಯೊಂದನ್ನು ಪೂರ್ತಿ ಗಟ್ಟಿಯಾಗಿ ಓದಿಸಲಿ. ವ್ಯಾಖ್ಯೆ ಆಮೇಲೆ ಬಂದರೂ ನಷ್ಟವಿಲ್ಲ.

‘ರಂಗನ ಮದುವೆ’ ಒಂದು ಸಂಜೆಗೆ ಮುಗಿಯುವ ಕಥೆ. ಅಲ್ಲಿಂದ ಶುರು ಮಾಡಿ. ‘ಒಡಲಾಳ’ವೂ ಚಿಕ್ಕ ಪುಸ್ತಕವೇ, ಒಂದು ಭಾನುವಾರ ಸಾಕು. ಈ ಸಲ ಓದುವಾಗ ಸಾಕವ್ವನ ಹುಂಜವನ್ನೂ ಸಾಹುಕಾರನ ಕಡಲೆಕಾಯಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ.